ಸೂಜಿ ಬಿಟ್ಟಿದ್ದ ಗೆಳತಿ ಮೈಸೂರಿಗೆ ಹೋದ ಮೇಲೆ ಮತ್ತೆ ಶುರು ಮಾಡಿದ್ದಾಳೆ, ಏನು ಮಾಡಲಿ?

ಕಾಫಿಹೂ (ಗೋಣಿಕೊಪ್ಪ ಕಡೆ):
ಬೈಯಬೇಡಿ, ಗೊತ್ತಿದ್ದವರು ಹೇಳಿ. ನನ್ನ ಗೆಳತಿ ಮೈಸೂರಿನಲ್ಲಿ ಲೈಂಗಿಕ ವೃತ್ತಿಯಲ್ಲಿದ್ದಾಳೆ. ನೋವಿನ ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳುವ ಚಟ. ಕಲಿಸಿದ್ದು ಜೊತೆಗಿರುವವನೇ, ಈಗಲೂ ಅವಳಿಗೆ ಚುಚ್ಚುವುದು ಅವನೇ. ಮಳೆಗಾಲದಲ್ಲಿ ಬಂದು ನಮ್ಮ ಲೈನ್ ಮನೆಯಲ್ಲೇ ಇದ್ದಳು. ಮೊದಲ ವಾರ ನೋಡಲಾಗಲಿಲ್ಲ: ಆಕಳಿಕೆ, ಮೂಗು ಸೋರುವುದು, ಭೇದಿ, ಕಾಲು ಸೆಳೆತ, ಎರಡು ಕಂಬಳಿ ಹೊದ್ದರೂ ಮೈ ಜುಮ್ಮೆನ್ನುವುದು. ಆಮೇಲೆ ಚೆನ್ನಾಗಿಯೇ ಇದ್ದಳು, ಕಾಫಿ ಕೊಯ್ಲಿಗೂ ಬಂದಳು. ಕೊಯ್ಲು ಮುಗಿಯಿತು, ಕೂಲಿ ನಿಂತಿತು, ಅವನ ಫೋನ್ ಬಂತು, ಹೊರಟುಬಿಟ್ಟಳು. ಈಗ ತೋಳಿನಲ್ಲಿ ಕೀವಿನ ಗಡ್ಡೆ ಬೇರೆ ಆಗಿದೆಯಂತೆ. ಅಷ್ಟು ಕಷ್ಟಪಟ್ಟು ಬಿಟ್ಟವಳು ಮತ್ತೆ ಯಾಕೆ ಹೀಗೆ?

ಏಲಕ್ಕಿ_ಗಿಡ:
ಕರ್ಕೊಂಡು ಬಂದು ಕೂಡಿ ಹಾಕಿ, ಫೋನ್ ಕಿತ್ಕೊಳ್ಳಿ. ಮನಸ್ಸು ಗಟ್ಟಿ ಇದ್ದರೆ ಏನು ಬೇಕಾದರೂ ಬಿಡಬಹುದು.

ಹುಣಸೂರು_ರೋಡ್:
ಅಣ್ಣ, ಒಂದು ವಾರ ಆ ಸಂಕಟ ತಡೆದುಕೊಂಡವಳಿಗೆ ಮನಸ್ಸು ಗಟ್ಟಿ ಇಲ್ಲ ಅಂತೀರಾ? ನಾನೂ ಈ ವೃತ್ತಿಯಲ್ಲಿದ್ದವಳು, ಆಮೇಲೆ ಪೀರ್ ಎಜುಕೇಟರ್ ಆಗಿ, ಅಂದರೆ ನಮ್ಮಂಥವರಿಗೇ ತಿಳಿಹೇಳುವ ಕೆಲಸ ಮಾಡಿದೆ. ಮೈಯ ಸಂಕಟ ವಾರದಲ್ಲಿ ಇಳಿಯುತ್ತದೆ, ಆಸೆ ತಿಂಗಳುಗಟ್ಟಲೆ ಇರುತ್ತದೆ. ಅಷ್ಟರಲ್ಲಿ ಅದೇ ಗಂಡಸು, ಅದೇ ಲಾಡ್ಜ್, ಅದೇ ಸಾಲ. ಗಿರಾಕಿ ಜೊತೆ ಹೋಗುವ ಧೈರ್ಯಕ್ಕೆ ಸೂಜಿ, ಸೂಜಿಯ ದುಡ್ಡಿಗೆ ಇನ್ನೊಬ್ಬ ಗಿರಾಕಿ. ಮೈ ನಡುಗುತ್ತಿರುವಾಗ ಕಾಂಡೋಮ್ ಬೇಡ ಅಂದವನಿಗೆ ಆಗಲ್ಲ ಅನ್ನುವ ಶಕ್ತಿ ಎಲ್ಲಿರುತ್ತೆ? ನ್ಯಾಕೋದ (ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ) 2021ರ ಸಮೀಕ್ಷೆಯಲ್ಲಿ ದೇಶದ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಎಚ್‌ಐವಿ ಶೇ. 1.85 ಇತ್ತು, ಡ್ರಗ್ಸ್ ಚುಚ್ಚಿಕೊಳ್ಳುವವರಲ್ಲಿ ಶೇ. 9.03. ಇವಳು ಎರಡೂ ಕಡೆ ಇದ್ದಾಳೆ. ನಮ್ಮಲ್ಲಿ ಆಗುವುದೇನೆಂದರೆ, ಕಾಂಡೋಮ್ ಕೊಡುವವರು ಸೂಜಿಯ ಬಗ್ಗೆ ಕೇಳುವುದಿಲ್ಲ, ಸೋಂಕು ತಡೆಯಲು ಹೊಸ ಸೂಜಿ ಕೊಡುವ ಕಡೆ ಬರೀ ಗಂಡಸರು ಕೂತಿರುತ್ತಾರೆ, ಹೆಂಗಸು ಒಳಗೆ ಕಾಲಿಡಲು ಹಿಂಜರಿಯುತ್ತಾಳೆ. ಮೆಕ್ಸಿಕೋ ಗಡಿಯ ತಿಹುವಾನಾದಲ್ಲಿ ಇಂಥ ಹೆಂಗಸರಿಗೆ ಕಾಂಡೋಮ್, ಸೂಜಿ ಎರಡರ ಬಗ್ಗೆಯೂ ಒಟ್ಟಿಗೆ ಹೇಳಿಕೊಡುವ ಪ್ರಯತ್ನ ನಡೆದಿದೆ.

ಸುಮ್ನೆ ನಿಲ್ಲಿಸುವುದಕ್ಕಿಂತ ಬುಪ್ರೆನಾರ್ಫಿನ್ ಒಳ್ಳೆಯದು. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ, ಸರ್ಕಾರಿ ಓಎಸ್‌ಟಿ (ಸೂಜಿಯ ಬದಲು ಮಾತ್ರೆ ಕೊಡುವ) ಕೇಂದ್ರದಲ್ಲಿ ಉಚಿತ. ಹತ್ತಿರ ಎಲ್ಲಿದೆ ಅಂತ ಏಡ್ಸ್ ಸಹಾಯವಾಣಿ 1097ಕ್ಕೆ ಕೇಳಿ. ಈ ಮಾತ್ರೆ ಬೇಗ ನಿಲ್ಲಿಸಿದವರೇ ಜಾಸ್ತಿ ವಾಪಸ್ ಚಟಕ್ಕೆ ಬೀಳುವುದು, ವರ್ಷಗಟ್ಟಲೆ ತೆಗೆದುಕೊಂಡರೂ ತಪ್ಪಿಲ್ಲ.

ನರ್ಸ್_ಮಡಿಕೇರಿ:
ಒಂದು ಮುಖ್ಯ ವಿಷಯ. ತಿಂಗಳುಗಟ್ಟಲೆ ಬಿಟ್ಟಿದ್ದವರಿಗೆ ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಹುದು, ಮೈಗೆ ತಡೆದುಕೊಳ್ಳುವ ಅಭ್ಯಾಸ ಹೋಗಿರುತ್ತದೆ. ತುಟಿ ನೀಲಿಯಾಗಿ, ಗೊರಕೆ ಹೊಡೆದ ಹಾಗೆ ಉಸಿರಾಡುತ್ತಾ ಕರೆದರೆ ಏಳದಿದ್ದರೆ 108ಕ್ಕೆ ಫೋನ್ ಮಾಡಿ, ಪಕ್ಕಕ್ಕೆ ಮಲಗಿಸಿ, ಏನು ತೆಗೆದುಕೊಂಡಿದ್ದಾಳೆ ಅಂತ ಮುಚ್ಚಿಡದೆ ಹೇಳಿ. ನಲಾಕ್ಸೋನ್ ಇಂಜೆಕ್ಷನ್ ಕೊಟ್ಟರೆ ಉಸಿರು ಮರಳುತ್ತದೆ. ಗಡ್ಡೆಯನ್ನು ಮನೆಯಲ್ಲಿ ಹಿಂಡಬೇಡಿ. ಮಾತ್ರೆಯಲ್ಲಿರುವ ಸುಣ್ಣದಂಥ ಪುಡಿ ಕರಗುವುದಿಲ್ಲ, ನರ ಕೆಡಿಸುತ್ತದೆ. ಹೆಪಟೈಟಿಸ್ ಸಿ (ಸೂಜಿ ಹಂಚಿಕೊಂಡರೆ ಹರಡುವ ಲಿವರ್ ಸೋಂಕು) ಪರೀಕ್ಷೆಯೂ ಆಗಲಿ. ಅದಕ್ಕೆ ಸಾಮಾನ್ಯವಾಗಿ 12 ವಾರದ ಮಾತ್ರೆ, ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ.

ಕಾಫಿಹೂ:
ತುಂಬಾ ಥ್ಯಾಂಕ್ಸ್ ಅಕ್ಕ. ಆಸ್ಪತ್ರೆಗೆ ಹೋದರೆ ಪೊಲೀಸಿಗೆ ಹೇಳುತ್ತಾರೆ ಅಂತ ಅವಳಿಗೆ ಭಯ.

ಕುಶಾಲನಗರ_ವಕೀಲ:
ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 64ಎ ಕಲಂ ಓದಿ. ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಹೋದರೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಇದೆ, ಆದರೆ ಚಿಕಿತ್ಸೆ ಪೂರ್ತಿ ಮಾಡಬೇಕು. ಲೈಂಗಿಕ ವೃತ್ತಿಯವರನ್ನು ಘನತೆಯಿಂದ ಕಾಣಿ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೆ ಹೇಳಿದೆ. ಠಾಣೆಯಲ್ಲಿ ಎಷ್ಟು ನಡೆಯುತ್ತೆ ಅನ್ನುವುದು ಬೇರೆ ಮಾತು. ಏಲಕ್ಕಿ ಅವರೇ, ಕೂಡಿ ಹಾಕಿದರೆ ಕೇಸ್ ಬೀಳುವುದು ನಿಮ್ಮ ಮೇಲೆ.

ಕಾಫಿಹೂ:
ಈಗಷ್ಟೇ ಮಾತಾಡಿದೆ. ಗಡ್ಡೆ ತೋರಿಸಲು ಬರುತ್ತಾಳಂತೆ, ಬಿಡುವ ಮಾತು ಮಾತ್ರ ಎತ್ತಬೇಡ ಅಂದಳು.

ಹುಣಸೂರು_ರೋಡ್:
ಎತ್ತಬೇಡಿ. ಮೊದಲು ಗಡ್ಡೆ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಲು ಹೇಳಿ, ಒಪಿಡಿ ಚೀಟಿ ನೀವೇ ಮಾಡಿಸಿಟ್ಟಿರಿ. ಕ್ಯೂನಲ್ಲಿ ಕಾದು ಮೈ ನಡುಗಲು ಶುರುವಾದರೆ ಎದ್ದು ಹೋಗಿಬಿಡುತ್ತಾಳೆ.