ಮಗಳಿಗೆ ನವೋದಯ ಸೀಟು ಸಿಕ್ಕಿದೆ, ಜೀವದ ಗೆಳತಿಗೆ ಸಿಕ್ಕಿಲ್ಲ. ಕಳಿಸಲಾ? ಅನುಭವ ಇದ್ದವರು ಹೇಳಿ

ಸಾಗರದಮ್ಮ: ಮಗಳು ಐದನೇ ಕ್ಲಾಸು ಮುಗಿಸಿದಳು. ಗಜನೂರು ನವೋದಯಕ್ಕೆ ಸೀಟು ಬಂದಿದೆ. ಕೇಂದ್ರ ಸರ್ಕಾರದ ವಸತಿ ಶಾಲೆ, ಅಲ್ಲೇ ಹಾಸ್ಟೆಲಿನಲ್ಲಿ ಇರಬೇಕು. ಪಕ್ಕದ ಮನೆ ಹುಡುಗಿಯೂ ಪರೀಕ್ಷೆ ಬರೆದಿದ್ದಳು, ಆಗಲಿಲ್ಲ. ಅಂಗನವಾಡಿಯಿಂದ ಇಬ್ಬರೂ ಜೊತೆ ಬಿಟ್ಟವರಲ್ಲ. ಸೀಟಿನ ಸುದ್ದಿ ಬಂದ ಮೇಲೆ ಇವಳು ಸರಿಯಾಗಿ ಊಟ ಮಾಡಿಲ್ಲ. ಈ ವಯಸ್ಸಿನ ಸ್ನೇಹ ಮರೆತುಹೋಗುತ್ತದೆ ಎನ್ನುತ್ತಾರೆ ಮನೆಯವರು. ಹೌದಾ?

ಹಳೇ ನವೋದಯದವನು: ಧೈರ್ಯವಾಗಿ ಕಳಿಸಿ ಅಕ್ಕ. ನಾನು 1999ರಲ್ಲಿ ಸೇರಿದವನು. ಎಂಬತ್ತು ಮಕ್ಕಳು, ಮುಕ್ಕಾಲು ಪಾಲು ಹಳ್ಳಿಯವರೇ. ಮೊದಲ ತಿಂಗಳು ದಿನಾ ಅತ್ತಿದ್ದೇನೆ. ಒಂದು ರಾತ್ರಿ ಪಕ್ಕದ ಮಂಚದವನೂ ಅಳುತ್ತಿದ್ದದ್ದು ಕೇಳಿಸಿತು. ಅವತ್ತಿನಿಂದ ಅವನೇ ನನ್ನ ಗೆಳೆಯ. ಒಂಬತ್ತನೇ ಕ್ಲಾಸಿನಲ್ಲಿ ಕೆಲವರನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸಿದರು. ಅಲ್ಲಿ ಜ್ವರ ಬಂದು ಮಲಗಿದಾಗ ನನ್ನ ಬಟ್ಟೆ ಒಗೆದವನೂ ಅವನೇ. 2021ರಲ್ಲಿ ಅಪ್ಪನಿಗೆ ಕೋವಿಡ್. ಆಸ್ಪತ್ರೆ ಬಿಲ್ಲು 4,38,000. ಇನ್ಶೂರೆನ್ಸ್ ಕೊಟ್ಟದ್ದು 1,50,000. ಬ್ಯಾಚಿನವರು ಎರಡೇ ದಿನದಲ್ಲಿ 2,10,000 ಹಾಕಿದರು. ತೀರಿಸಲು ಎರಡು ವರ್ಷ ಹಿಡಿಯಿತು, ಒಬ್ಬನೂ ಕೇಳಲಿಲ್ಲ. ಊರಿನ ಹುಡುಗರು ಈಗ ಎದುರಾದರೆ "ಯಾವಾಗ ಬಂದೆ?" ಎನ್ನುತ್ತಾರೆ, ಅಷ್ಟೇ.

ದಾವಣಗೆರೆ ತಾಯಿ: ನನ್ನದು ಬೇರೆ ಕಥೆ. ಮಗನನ್ನು ಒಂದು ಖಾಸಗಿ ಹಾಸ್ಟೆಲ್ ಶಾಲೆಗೆ ಹಾಕಿದೆವು. ಫೀಸು 1,85,000. ಡಿಪಾಸಿಟ್ 25,000. ಟ್ರಂಕು, ಹಾಸಿಗೆ, ಎರಡು ಜೊತೆ ಬೂಟು, ಯೂನಿಫಾರ್ಮ್ ಸೇರಿ 14,600. ತಿಂಗಳಿಗೊಮ್ಮೆ ನೋಡಿಬರಲು 2,200, ಎಂಟು ತಿಂಗಳಿಗೆ 17,600. ಒಟ್ಟು 2,42,200. ಫೋನಿನಲ್ಲಿ "ಹ್ಞೂಂ" ಬಿಟ್ಟರೆ ಮಾತಿಲ್ಲ. ಫೆಬ್ರವರಿಯಲ್ಲಿ ಕರೆದುಕೊಂಡು ಬಂದೆವು. ಬಂದರೆ ಇಲ್ಲಿ ಅವನ ಜಾಗವೇ ಇಲ್ಲ. ಇವನೂ ಸೇರಿ ನಾಲ್ಕು ಜನ ಆಡುತ್ತಿದ್ದರು, ಆ ಮೂವರು ಇವನಿಲ್ಲದೆ ಒಗ್ಗಿಹೋಗಿದ್ದರು. ಹುಟ್ಟುಹಬ್ಬಕ್ಕೆ ಹದಿನೈದು ಜನಕ್ಕೆ ಪಾಯಸ ಮಾಡಿದೆ. ಬಂದವನು ಒಬ್ಬ. ಡಿಪಾಸಿಟ್ ಇನ್ನೂ ವಾಪಸ್ ಬಂದಿಲ್ಲ.

ಹಳೇ ನವೋದಯದವನು: ಮೇಡಂ, ದುಡ್ಡು ತಗೊಳ್ಳುವ ಶಾಲೆಗೂ ನವೋದಯಕ್ಕೂ ಹೋಲಿಸಬೇಡಿ. ಇಲ್ಲಿ ಊಟ, ವಸತಿ, ಪುಸ್ತಕ ಎಲ್ಲಾ ಉಚಿತ. ಎಂಟೇ ತಿಂಗಳಿಗೆ ಬಿಡಿಸಿದ್ದು ನಿಮ್ಮ ಅವಸರ.

ದಾವಣಗೆರೆ ತಾಯಿ: ಅವಸರನಾ? ಆರು ಕೆಜಿ ಇಳಿದಿದ್ದ ನನ್ನ ಮಗ. ನೀವು ಗಟ್ಟಿ ಇದ್ದಿರಿ, ತಡೆದುಕೊಂಡಿರಿ. ಎಲ್ಲಾ ಮಕ್ಕಳೂ ನಿಮ್ಮ ಹಾಗೇ ಇರಬೇಕಾ?

ನಿವೃತ್ತ ಮೇಷ್ಟ್ರು: ಇಬ್ಬರೂ ಸ್ವಲ್ಪ ನಿಲ್ಲಿಸಿ. ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಪಾಠ ಮಾಡಿದವನು ನಾನು. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಹತ್ತಿರ ಕೂತು ಗೋಲಿ ಆಟದ ನಿಯಮ ಏನು, ಅದನ್ನು ಬದಲಾಯಿಸಬಹುದಾ ಎಂದು ಕೇಳುತ್ತಿದ್ದರು. 1932ರಲ್ಲಿ ಅದನ್ನೆಲ್ಲ ಬರೆದರು. ದೊಡ್ಡವರು ಹೇಳಿದ್ದನ್ನು ಮಕ್ಕಳು ಹೆದರಿ ಪಾಲಿಸುತ್ತಾರೆ. ಓರಗೆಯವರ ಜೊತೆ ಒಪ್ಪಿಕೊಂಡ ನಿಯಮ ಅವರದೇ ಆಗುತ್ತದೆ. ನಮ್ಮ ಶಾಲೆ ಅಂಗಳದಲ್ಲಿ ನಾನು ಕಂಡದ್ದೂ ಅದೇ. ಮೋಸ ಮಾಡಿದವನಿಗೆ ಟೂ ಬಿಡುತ್ತಿದ್ದರು. ಊಟದ ಬೆಲ್ ಹೊಡೆಯುವಷ್ಟರಲ್ಲಿ ರಾಜಿ. ಆ ರಾಜಿ ಮಾಡಿಕೊಳ್ಳುವುದನ್ನು ನಾನು ಕಲಿಸಲಿಲ್ಲ, ಕಲಿಸಲು ಬರುವುದೂ ಇಲ್ಲ. ಇಷ್ಟು ಗೊತ್ತಿದ್ದೂ ನನ್ನ ಮಗನನ್ನು ಇಂಗ್ಲಿಷ್ ಮೀಡಿಯಂ ಆಸೆಗೆ ನಾಲ್ಕನೇ ಕ್ಲಾಸಿನಲ್ಲೇ ಮೈಸೂರಿಗೆ, ತಮ್ಮನ ಮನೆಗೆ ಕಳಿಸಿದೆ. ಈಗ ಕೆನಡಾದಲ್ಲಿದ್ದಾನೆ. ಅವನ ಅಜ್ಜ ಹೋದಾಗ ಊರಿಗೆ ಬಂದ. ಹನ್ನೊಂದು ದಿನವೂ ಜಗಲಿ ಮೇಲೆ ಒಬ್ಬನೇ ಕೂತಿದ್ದ.

ಬ್ಯಾಂಕಿನ ಅಪ್ಪ: ಮೇಷ್ಟ್ರೇ, ನಿಮ್ಮ ಕೈಯಲ್ಲಿ ಆಯ್ಕೆ ಇತ್ತು. ನಮ್ಮದು ಟ್ರಾನ್ಸ್‌ಫರ್ ಕೆಲಸ. ರಾಯಚೂರು, ಬಾಗಲಕೋಟೆ, ಉಡುಪಿ, ಚಾಮರಾಜನಗರ. ಮಗಳಿಗೆ ಏಳು ವರ್ಷದಲ್ಲಿ ನಾಲ್ಕು ಶಾಲೆ. ಉಡುಪಿಯಲ್ಲಿ "ಹೌದ್ರೀ" ಅಂದಿದ್ದಕ್ಕೆ ತಿಂಗಳುಗಟ್ಟಲೆ ನಕ್ಕರು. ಈಗ ಕ್ಲಾಸಿಗೆ ಯಾರೇ ಹೊಸಬರು ಬರಲಿ, ಮೊದಲು ಹೋಗಿ ಪಕ್ಕ ಕೂರುವವಳು ಇವಳೇ. ಇದು ಬೆಳವಣಿಗೆ ಅಲ್ವಾ? ಸುಮ್ನೆ ಹೆದರಿಸಬೇಡಿ.

ನಿವೃತ್ತ ಮೇಷ್ಟ್ರು: ಖಂಡಿತ ಬೆಳವಣಿಗೆಯೇ. ಅವಳಿಗೆ ಹೇಗನಿಸುತ್ತದೆ ಎಂದು ಕೇಳಿದ್ದೀರಾ?

ಬ್ಯಾಂಕಿನ ಅಪ್ಪ: ಕೇಳಿದ್ದೇನೆ. ಉತ್ತರ ಇಲ್ಲಿ ಬರೆಯುವುದಿಲ್ಲ.

ಹಳೇ ನವೋದಯದವನು: ದಾವಣಗೆರೆ ಮೇಡಂ, ಡಿಪಾಸಿಟ್ ರಸೀದಿ ಇದೆಯಾ? ಲಿಖಿತವಾಗಿ ಕೇಳಿ.

ದಾವಣಗೆರೆ ತಾಯಿ: ಮೂರು ಸಲ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇನೆ. ನಿಮ್ಮ ಸಲಹೆ ಬೇಡ.

ಸಾಗರದಮ್ಮ: ಎಲ್ಲಾ ಓದಿದೆ. ನನಗೆ ಒಂದು ವಿಷಯ ಗೊತ್ತಾಗಬೇಕಿತ್ತು. ಮಕ್ಕಳನ್ನು ನೋಡಲು ಬಿಡುವ ದಿನ ಗೆಳತಿಯನ್ನೂ ಕರೆದುಕೊಂಡು ಹೋಗಬಹುದಾ, ಅಥವಾ ಅಪ್ಪ ಅಮ್ಮನಿಗೆ ಮಾತ್ರವಾ? ಸರ್ಕಾರಿ ಬಸ್ಸು ನಮ್ಮಿಬ್ಬರಿಗೂ ಫ್ರೀ. ಅವಳ ಅಮ್ಮ ಆಗಲೇ ಹ್ಞೂಂ ಅಂದಿದ್ದಾರೆ.