ಮಾಲೀಕರು ದುಬೈನಲ್ಲಿ, ಬಾಡಿಗೆ ಮನೆ ಕಾರವಾರದಲ್ಲಿ: ಏಜೆಂಟರಿಗೆ ಎಷ್ಟು ಅಧಿಕಾರ ಕೊಡಬೇಕು?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಕೋಡಿಬಾಗದಲ್ಲಿ ತಂದೆಯವರ ಕಾಲದ ಹೆಂಚಿನ ಮನೆ, ಹಬ್ಬುವಾಡದಲ್ಲಿ ಒಂದು ಫ್ಲ್ಯಾಟ್ ಇದೆ. ಎರಡೂ ಬಾಡಿಗೆಗಿವೆ. ನಾನು ದುಬೈನಲ್ಲಿದ್ದೇನೆ. ಇಷ್ಟು ವರ್ಷ ನೋಡಿಕೊಂಡ ಚಿಕ್ಕಪ್ಪನವರಿಗೆ ಈಗ ಓಡಾಡಲು ಆಗುವುದಿಲ್ಲ. ಊರಿನ ಏಜೆಂಟರೊಬ್ಬರು ವಸೂಲಿ, ರಿಪೇರಿ ಎಲ್ಲ ನೋಡಿಕೊಳ್ಳುತ್ತಾರಂತೆ. ಬಾಡಿಗೆಯ ಶೇಕಡಾ 10, ಹೊಸ ಬಾಡಿಗೆದಾರರು ಬಂದಾಗ ಒಂದು ತಿಂಗಳ ಬಾಡಿಗೆ, ಜೊತೆಗೆ ಜನರಲ್ ಮುಖತ್ಯಾರ ಪತ್ರ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೆಲಸ ಕೊಡಿ, ಆ ಪತ್ರ ಕೊಡಬೇಡಿ. ಜನರಲ್ ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಎಂದರೆ ಸಾಮಾನ್ಯವಾಗಿ ಮಾರುವ ಅಧಿಕಾರವೂ ಅದರಲ್ಲಿ ಸೇರಿರುತ್ತದೆ. ಮನೆ ಬಾಡಿಗೆಗೆ ಕೊಡಲು ಮನೆ ಮಾರುವ ಅಧಿಕಾರ ಏಕೆ ಬೇಕು? ಎರಡು ಆಸ್ತಿಗಳನ್ನು ಹೆಸರಿಸಿ ವಿಶೇಷ ಮುಖತ್ಯಾರ ಪತ್ರ ಬರೆಯಿರಿ. 11 ತಿಂಗಳವರೆಗಿನ ಬಾಡಿಗೆ ಕರಾರಿಗೆ ಸಹಿ ಮಾಡುವುದು, ನಗರಸಭೆಯ ತೆರಿಗೆ ಕಟ್ಟುವುದು, ಹೆಸ್ಕಾಂ ಕಚೇರಿಯ ಕೆಲಸ, ಇಷ್ಟು ಸಾಕು. ಮಾರುವ, ಅಡವಿಡುವ ಅಧಿಕಾರ ಇಲ್ಲವೆಂದು ಬಿಡಿಸಿ ಬರೆಯಿರಿ. ದುಬೈನಲ್ಲಿ ಸಹಿ ಮಾಡುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿಕೊಳ್ಳಿ. ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕವನ್ನೂ ಕಟ್ಟಿಸಬೇಕು.

ಬಾಡಿಗೆಯೂ ಮುಂಗಡವೂ ನೇರವಾಗಿ ನಿಮ್ಮ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದ ಆದಾಯಕ್ಕಾಗಿ ಇಡುವ ಬ್ಯಾಂಕ್ ಖಾತೆ) ಬರಲಿ. ಹಾಗೆ ಮಾಡಿದ ಮೇಲೆ ವಸೂಲಿ ಎಂಬ ಕೆಲಸವೇ ಉಳಿಯುವುದಿಲ್ಲ. ಹಾಗಾದರೆ ಶೇಕಡಾ 10 ಯಾತಕ್ಕೆ? ನನ್ನ ಲೆಕ್ಕದಲ್ಲಿ ಅದು ಮಳೆಗಾಲದ ಸಂಬಳ. ಕೋಡಿಬಾಗದ ಉಪ್ಪುಗಾಳಿಗೆ ಕಿಟಕಿಯ ಸರಳು, ಬಾಗಿಲಿನ ತಿರುಗಣೆ, ಮೋಟಾರಿನ ಪೆಟ್ಟಿಗೆ ಯಾವುದೂ ಬಾಳುವುದಿಲ್ಲ. ಮೇ ಮುಗಿಯುವ ಮುಂಚೆ ಒಡೆದ ಹೆಂಚು ಬದಲಾಯಿಸಿ, ಗಟಾರ ಬಿಡಿಸಿ, ದಿನಾಂಕವಿರುವ ಫೋಟೊ ಕಳುಹಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಒಳಗೆ ಹೋಗಿ ನೋಡಬೇಕು. ಮನೆ ಖಾಲಿ ಇದ್ದರೆ ವಾರಕ್ಕೊಮ್ಮೆ ಬಾಗಿಲು, ಕಿಟಕಿ ತೆರೆದಿಡಬೇಕು. ಮುಚ್ಚಿಟ್ಟ ಮನೆಯ ಮರ, ಗೋಡೆ ಒಂದೇ ಮಳೆಗಾಲಕ್ಕೆ ಬೂಸರು ಹಿಡಿಯುತ್ತವೆ. ಕರಾರಿನಲ್ಲಿ ಇದನ್ನೆಲ್ಲ ಬರೆಯದೆ ‘ಉಸ್ತುವಾರಿ’ ಎಂದಷ್ಟೇ ಬರೆದರೆ ಫೋನಿನಲ್ಲಿ ವಿಚಾರಿಸಿದರೂ ಉಸ್ತುವಾರಿಯೇ ಆಗುತ್ತದೆ.

ಆ ಒಂದು ತಿಂಗಳ ಬಾಡಿಗೆಯ ಷರತ್ತನ್ನು ಮಾತ್ರ ಹಾಗೆಯೇ ಒಪ್ಪಬೇಡಿ. ಕಾರವಾರದಲ್ಲಿ ಮನೆ ಹಿಡಿಯುವವರಲ್ಲಿ ಬಹಳ ಮಂದಿ ಕೈಗಾದವರು, ಅರ್ಗಾದ ನೌಕಾನೆಲೆಯವರು. ಅವರಿಗೆ ಯಾವಾಗ ವರ್ಗವಾಗುತ್ತದೆಂದು ಹೇಳಲಾಗದು. ಮನೆ ಖಾಲಿಯಾದಷ್ಟೂ ಏಜೆಂಟರಿಗೆ ಲಾಭ ಎಂಬ ಕರಾರು ನಿಮಗೇಕೆ? ವರ್ಷದೊಳಗೆ ಬಾಡಿಗೆದಾರರು ಬಿಟ್ಟರೆ ಮುಂದಿನವರನ್ನು ಬೇರೆ ಕಮಿಷನ್ ಇಲ್ಲದೆ ತರಬೇಕು ಎಂದು ಬರೆಸಿ. ಹಳೆಯವರು ಹೋಗುವಾಗ ಗೃಹಜ್ಯೋತಿಯಲ್ಲಿ ಅವರ ಆಧಾರ್ ಜೋಡಣೆಯನ್ನು ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯಿಂದ ತೆಗೆಸುವುದೂ ಏಜೆಂಟರ ಜವಾಬ್ದಾರಿ.

ಪ್ರಶ್ನೆ: ಧನ್ಯವಾದ ಸರ್. ಏಜೆಂಟರಿಗೆ ಕೊಟ್ಟ ಹಣವನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದೇ?

ಉತ್ತರ: ಇಲ್ಲ. ಕಟ್ಟಿದ ಮನೆ ತೆರಿಗೆಯನ್ನು ಕಳೆದು ಉಳಿದದ್ದರಲ್ಲಿ ಶೇಕಡಾ 30ನ್ನು ಕಾನೂನೇ ಬಿಡುತ್ತದೆ. ರಿಪೇರಿ, ಏಜೆಂಟರ ಫೀ ಎಲ್ಲ ಅದರೊಳಗೇ ಬಂದವು. ನೀವು ಅನಿವಾಸಿಯಾದ್ದರಿಂದ ಬಾಡಿಗೆದಾರರು ಮೂಲದಲ್ಲೇ ತೆರಿಗೆ ಹಿಡಿದು ಉಳಿದದ್ದನ್ನು ಕೊಡಬೇಕು, ದರ ಶೇಕಡಾ 30, ಮೇಲೆ ಸೆಸ್. ಬಾಡಿಗೆ ಎಷ್ಟೇ ಸಣ್ಣದಿರಲಿ, ಇದು ತಪ್ಪದು. ಹೆಚ್ಚು ಹಿಡಿದದ್ದು ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ. ಮನೆ ತೋರಿಸುವಾಗಲೇ ಬಾಡಿಗೆದಾರರಿಗೆ ಇದನ್ನು ಹೇಳುವಂತೆ ಏಜೆಂಟರಿಗೆ ತಿಳಿಸಿ.

ಇನ್ನೊಬ್ಬ ಸದಸ್ಯರು: ಸರ್, ನಮ್ಮದು ಶಿರಸಿಯಲ್ಲಿ. ಭಾವನವರೇ ನೋಡಿಕೊಳ್ಳುತ್ತಾರೆ, ಬಾಡಿಗೆಯೂ ಅವರ ಕೈಗೇ. ಕಾಗದಪತ್ರ ಎಂದರೆ ಬೇಸರಿಸಿಕೊಳ್ಳುತ್ತಾರೆ.

ಉತ್ತರ: ಭಾವನವರಾದರೂ ಕಾನೂನಿನ ಕಣ್ಣಿಗೆ ನಿಮ್ಮ ಏಜೆಂಟರೇ. 1872ರ ಭಾರತೀಯ ಕರಾರು ಕಾಯ್ದೆಯ 213ನೇ ಕಲಮಿನ ಪ್ರಕಾರ ಮಾಲೀಕರು ಕೇಳಿದಾಗ ಏಜೆಂಟರು ಲೆಕ್ಕ ಒಪ್ಪಿಸಬೇಕು. ಅದನ್ನು ಅವರೆದುರು ಓದಿ ಹೇಳಲು ಹೋಗಬೇಡಿ, ಹಬ್ಬಕ್ಕೆ ಕರೆಯುವುದು ನಿಂತೀತು. ಬಾಡಿಗೆಯನ್ನು ನಿಮ್ಮ ಖಾತೆಗೆ ತಿರುಗಿಸಿ, ರಿಪೇರಿಗೆಂದು ಒಂದು ಮೊತ್ತವನ್ನು ಮುಂಚಿತವಾಗಿ ಅವರಿಗೆ ಕಳುಹಿಸಿ, ಅದು ಮುಗಿದಾಗ ಬಿಲ್ಲುಗಳ ಫೋಟೊ ನೋಡಿ ಮತ್ತೆ ಕಳುಹಿಸಿ. ಬ್ಯಾಂಕಿನವರು ಕೇಳುತ್ತಿದ್ದಾರೆ ಎಂದು ಹೇಳಿದರೂ ನನ್ನ ಅಭ್ಯಂತರವಿಲ್ಲ.