ಮೈಸೂರು ಸಿಲ್ಕ್ ಸೀರೆಯ ಸುಕ್ಕು: ನೀರು ಚಿಮುಕಿಸಿ ಇಸ್ತ್ರಿ ಮಾಡಬಹುದೇ?

ಸೆರಗು:
ಮೈಸೂರು ಸಿಲ್ಕ್ ಕ್ರೇಪ್ ಸೀರೆ, ಜರಿ ಅಂಚಿನದು. ಬೀರುವಿನಲ್ಲಿ ಒಂದೇ ಮಡಿಕೆಯಲ್ಲಿದ್ದು ಗೆರೆ ಬಿದ್ದಿದೆ. ಫಾಲ್ ಹೊಲಿದ ಕಡೆ ಬಟ್ಟೆ ಸುರುಟಿಕೊಂಡಿದೆ. ನೀರು ಚಿಮುಕಿಸಿ ಇಸ್ತ್ರಿ ಮಾಡಲೇ, ಸ್ಟೀಮರ್ ಹಿಡಿಯಲೇ?

ಮಗ್ಗದಮನೆ:
ನೀರು ಖಂಡಿತ ಚಿಮುಕಿಸಬೇಡಿ. ಕ್ರೇಪ್‌ನ ನೂಲಿಗೆ ತುಂಬಾ ಬಿಗಿಯಾಗಿ ಹುರಿ ಹಾಕಿರುತ್ತಾರೆ. ಹನಿ ಬಿದ್ದಲ್ಲಿ ಮಾತ್ರ ಅದು ಸೆಳೆದುಕೊಂಡು, ಒಣಗಿದ ಮೇಲೂ ಚುಕ್ಕಿಯಾಗಿ ಉಳಿಯುತ್ತದೆ.

ಬಿಸಿನೀರಿನ ಸ್ನಾನ ಮುಗಿದ ಮೇಲೆ, ಹಬೆ ತುಂಬಿದ ಬಚ್ಚಲಲ್ಲಿ ದಪ್ಪ ಹ್ಯಾಂಗರ್‌ಗೆ ಹಾಕಿ 15–20 ನಿಮಿಷ ಬಿಡಿ. ಒದ್ದೆ ಗೋಡೆ ತಾಗಬಾರದು. ಆಮೇಲೆ ನೆರಳಲ್ಲಿ ಗಾಳಿಗೆ ಹಾಕಿ. ಸಣ್ಣಪುಟ್ಟ ಸುಕ್ಕು ಇಷ್ಟಕ್ಕೇ ಹೋಗುತ್ತದೆ.

ಉಳಿದದ್ದಕ್ಕೆ ಇಸ್ತ್ರಿ: ಸೀರೆಯ ಒಳಮಗ್ಗುಲು ಮೇಲೆ ಬರಲಿ, ಅದರ ಮೇಲೆ ಒಣಗಿದ ಬಿಳಿ ಹತ್ತಿ ಪಂಚೆ, ಶಾಖ ಪೆಟ್ಟಿಗೆಯ ತಿರುಗುಗುಂಡಿಯ ಒಂದು ಚುಕ್ಕಿ ಗುರುತಿನಲ್ಲಿ (ಸುಮಾರು 110 ಡಿಗ್ರಿ ಸೆಲ್ಸಿಯಸ್). ಪೆಟ್ಟಿಗೆಯನ್ನು ಎಳೆಯಬೇಡಿ, ಒತ್ತಿ, ಎತ್ತಿ, ಮುಂದಕ್ಕಿಡಿ. ಸ್ಟೀಮ್ ಇಸ್ತ್ರಿ ಪೆಟ್ಟಿಗೆಯಾದರೆ ನೀರನ್ನು ಪೂರ್ತಿ ಚೆಲ್ಲಿಬಿಡಿ. ಇಷ್ಟು ಕಡಿಮೆ ಶಾಖದಲ್ಲಿ ನೀರು ಹಬೆಯಾಗದೆ ತಳದ ತೂತುಗಳಿಂದ ತೊಟ್ಟಿಕ್ಕುತ್ತದೆ. ಎಷ್ಟೋ ಸೀರೆಗಳಿಗೆ ಕಲೆಯಾಗುವುದು ಹೀಗೆಯೇ.

ಹೊಲಿಗೆಪೆಟ್ಟಿಗೆ:
ಫಾಲ್ ಹತ್ತಿರದ ಸುರುಟು ಇಸ್ತ್ರಿಗೆ ಬಗ್ಗುವುದಿಲ್ಲ. ನೆನೆಸದೆ ಹೊಲಿದ ಹತ್ತಿ ಫಾಲ್ ಕುಗ್ಗಿ, ರೇಷ್ಮೆಯನ್ನು ಜೊತೆಗೆ ಎಳೆದಿರುತ್ತದೆ. ಹೊಲಿಗೆ ಬಿಚ್ಚಿ. ಹೊಸ ಫಾಲನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಕೈಹೊಲಿಗೆಯಲ್ಲಿ ಸಡಿಲವಾಗಿ ಹೊಲಿಸಿ. ಬಣ್ಣ ಬಿಡುತ್ತದೆಯೇ ಎನ್ನುವುದೂ ಆಗಲೇ ಗೊತ್ತಾಗುತ್ತದೆ.

ಮಗ್ಗದಮನೆ:
ಜರಿಯ ಮಾತು ಬಿಟ್ಟುಹೋಯಿತು. ಕೆಎಸ್‌ಐಸಿ (ಮೈಸೂರು ಸಿಲ್ಕ್ ನೇಯಿಸುವ ಕರ್ನಾಟಕ ಸರ್ಕಾರದ ನಿಗಮ) ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಅದು ಲೋಹ, ಒಂದೇ ಗೆರೆಯಲ್ಲಿ ಮಡಿಸುತ್ತಾ ಬಂದರೆ ಮುರಿಯುತ್ತದೆ. ಮಡಿಕೆಯ ಏಣನ್ನು ಇಸ್ತ್ರಿಯಿಂದ ಚಪ್ಪಟೆ ಮಾಡಲೇಬೇಡಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಯಾಡಿಸಿ, ಬೇರೆ ಕಡೆ ಮಡಿಕೆ ಬರುವಂತೆ ಮಡಿಸಿ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿಡಿ. ಸೆಂಟು ನೇರ ಸಿಂಪಡಿಸಬೇಡಿ, ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನ ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ.

ಸೆರಗು:
ಹಾಗಾದರೆ ಕೈಯಲ್ಲಿ ಹಿಡಿಯುವ ಸ್ಟೀಮರ್?

ಹೊಲಿಗೆಪೆಟ್ಟಿಗೆ:
ಆಗಬಹುದು. ಶುರುವಿನಲ್ಲಿ ಅದು ಹನಿ ಉಗುಳುತ್ತದೆ, ಅದನ್ನು ಹಳೇ ಟವೆಲ್ ಮೇಲೆ ಕಳೆಯಿರಿ. ಆಮೇಲೆ ಸೀರೆಯ ಒಳಮಗ್ಗುಲಿಗೆ, ಅರ್ಧ ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಹಿಡಿಯಿರಿ. ತೇವ ಪೂರ್ತಿ ಆರುವ ಮುಂಚೆ ಮಡಿಸಬೇಡಿ.